ಕೈ ಜಗ್ಗಬೇಡಿ: ಲಕ್ವಾ ಹೊಡೆದವರಿಗೆ ಮನೆಯಲ್ಲೇ ಹಗುರ ವ್ಯಾಯಾಮ

ಲಕ್ವಾ ಹೊಡೆದು ಆಸ್ಪತ್ರೆಯಿಂದ ಮನೆಗೆ ಬಂದವರನ್ನು ನೋಡಲು ಹೋದಾಗ ನಾನು ಮೊದಲು ನೋಡುವುದು ಅವರ ಹೆಗಲನ್ನು. ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಮನೆಮಂದಿಯ ಪ್ರೀತಿಗೇನೂ ಕೊರತೆ ಇಲ್ಲ. ಮಗ, ಸೊಸೆ, ಮೊಮ್ಮಕ್ಕಳು ಎಲ್ಲರೂ ಸುತ್ತ ನಿಂತಿರುತ್ತಾರೆ. "ಏಳ್ರೀ ಅಪ್ಪಾರ, ಕೈ ಕೊಡ್ರಿ" ಎನ್ನುತ್ತ ಶಕ್ತಿ ಹೋದ ಅದೇ ಕೈಯನ್ನು ಒಬ್ಬರು ಹಿಡಿದು ಜಗ್ಗುತ್ತಾರೆ. ಇನ್ನೊಬ್ಬರು ಕಂಕುಳಲ್ಲಿ ಕೈ ಹಾಕಿ ಎತ್ತುತ್ತಾರೆ. ಕೆಲವೇ ವಾರಗಳಲ್ಲಿ ಹೆಗಲು ಮುಟ್ಟಿಸಿಕೊಳ್ಳದಷ್ಟು ನೋವು. ಆಮೇಲೆ "ಲಕ್ವಾದ ನೋವು" ಅಂತ ಎಣ್ಣೆ ತಿಕ್ಕುವುದು ಶುರುವಾಗುತ್ತದೆ. ಎಷ್ಟೋ ಸಲ ಅದು ಲಕ್ವಾದ ನೋವಲ್ಲ, ಜಗ್ಗಿದ್ದರ ನೋವು.

ಹೆಗಲಿನ ಕೀಲನ್ನು ಜಾಗದಲ್ಲಿ ಹಿಡಿದಿಡುವ ಕೆಲಸ ಬಹುಪಾಲು ಸುತ್ತಲಿನ ಸ್ನಾಯುಗಳದ್ದು. ಅವು ಸಡಿಲಾದರೆ ರಟ್ಟೆಯ ಎಲುಬು ಕೈಯ ಭಾರಕ್ಕೇ ಕೆಳಗೆ ಜಾರುತ್ತದೆ. ಹೆಗಲ ತುದಿಯ ಗಟ್ಟಿ ಎಲುಬಿನ ಕೆಳಗೆ ಬೆರಳಿಟ್ಟರೆ ಕೆಲವರಲ್ಲಿ ಒಂದು ಸಂದಿಯೇ ಸಿಗುತ್ತದೆ. ಅಂಥ ಕೈಯನ್ನು ಜಗ್ಗಿದರೆ ಏನಾಗುತ್ತದೆ ನೀವೇ ಯೋಚಿಸಿ.

ಈಗ ಹೇಗೆ ಮಾಡಬೇಕು, ನೋಡೋಣ.

ಮೊದಲು: ವ್ಯಾಯಾಮ ಶುರು ಮಾಡಬಹುದಾ ಅಂತ ಡಾಕ್ಟರ್ ಹತ್ತಿರ ಕೇಳಿ. ಬಿಪಿ ಗುಳಿಗೆ ತಪ್ಪಿಸಬೇಡಿ. ಸಕ್ಕರೆ ಕಾಯಿಲೆ ಇದ್ದವರು ಬರೀ ಹೊಟ್ಟೆಯಲ್ಲಿ ಮಾಡುವುದು ಬೇಡ, ಊಟವಾದ ಕೂಡಲೇ ಯಾರಿಗೂ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಬೆಳಗಿನ ತಂಪಿನಲ್ಲೇ ಮುಗಿಸಿಬಿಡಿ.

ಕೈ ಇಡುವ ಜಾಗ: ಕೂತಾಗ ಆ ಕೈ ಜೋತಾಡಬಾರದು. ತೊಡೆಯ ಮೇಲೆ ಒಂದು ದಿಂಬು, ದಿಂಬಿನ ಮೇಲೆ ಮೊಳಕೈಯಿಂದ ಬೆರಳಿನವರೆಗೆ ಕೈ. ಅಷ್ಟೇ. ಕೊರಳಿಗೆ ಕಟ್ಟುವ ಜೋಳಿಗೆಯನ್ನು ದಿನವಿಡೀ ಹಾಕಿಡಬೇಡಿ, ಕೈ ಮಡಚಿದಲ್ಲೇ ಬಿಗಿಯುತ್ತದೆ. ನಡೆಯುವಾಗ ಹಾಕಿ, ಕೂತಾಗ ತೆಗೆಯಿರಿ.

ಕುರ್ಚಿಯಿಂದ ಏಳುವುದು: ದಿನಕ್ಕೆ ಒಂದೇ ವ್ಯಾಯಾಮಕ್ಕೆ ಪುರಸೊತ್ತು ಇದೆ ಅಂದರೆ ಇದನ್ನೇ ಮಾಡಿಸಿ. ತೊಡೆಗೆ ಬಲ, ನಿಲ್ಲುವ ಹಿಡಿತ, ತಾನೇ ಎದ್ದು ಪಾಯಖಾನೆಗೆ ಹೋಗುವ ಧೈರ್ಯ ಎಲ್ಲ ಇದರಿಂದಲೇ ಬರಬೇಕು. ಎಲ್ಲರೂ ಕೆಡಿಸುವುದೂ ಇದನ್ನೇ.

ಕುರ್ಚಿ ಕಟ್ಟಿಗೆಯದ್ದಿರಲಿ, ಕೈ ಇರಲಿ, ಬೆನ್ನು ಗೋಡೆಗೆ ತಾಗಿರಲಿ. ಪ್ಲಾಸ್ಟಿಕ್ ಕುರ್ಚಿ ಖಂಡಿತ ಬೇಡ. ನುಣುಪಾದ ಫರಸಿಯ ಮೇಲೆ ಭಾರ ಒಂದೇ ಕಡೆ ಬಿದ್ದರೆ ಅದರ ಕಾಲು ಅಗಲವಾಗಿ ಜಾರುತ್ತದೆ. ಹೊರಸೂ ಬೇಡ, ನಡುವೆ ಜೋತುಬಿದ್ದಿರುತ್ತದೆ, ಅದರಿಂದ ಏಳಲು ಗಟ್ಟಿಮುಟ್ಟಾದವರೇ ಒದ್ದಾಡುತ್ತಾರೆ. ಕುರ್ಚಿ ಎತ್ತರವಿದ್ದಷ್ಟೂ ಏಳುವುದು ಸುಲಭ. ಮನೆಯಲ್ಲಿರುವ ಹಳೇ ಕೌದಿಯನ್ನು ಬಿಗಿಯಾಗಿ ಮಡಚಿ ಕುರ್ಚಿಯ ಮೇಲೆ ಹಾಕಿ, ಜಾರದಂತೆ ಹಗ್ಗದಿಂದ ಕಟ್ಟಿ. ಕೂತಾಗ ಮೊಳಕಾಲಿಗಿಂತ ತೊಡೆ ತುಸು ಮೇಲಿರಬೇಕು. ಕಾಲಿಗೆ ಹವಾಯಿ ಚಪ್ಪಲಿ ಬೇಡ. ಒಣ ನೆಲವಿದ್ದರೆ ಬರಿಗಾಲೇ ಸಾಕು.

ಇನ್ನು ಕೂರುವುದು. ಕುಂಡಿಯನ್ನು ಕುರ್ಚಿಯ ಅಂಚಿನ ಹತ್ತಿರ ಸರಿಸಿಕೊಳ್ಳಲಿ. ಎರಡೂ ಪಾದ ಹಿಂದಕ್ಕೆ, ಮೊಳಕಾಲಿನ ನೇರಕ್ಕಿಂತ ತುಸು ಒಳಗೆ. ಹಿಮ್ಮಡಿ ನೆಲಕ್ಕೆ ಊರಿರಬೇಕು. ಹಿಮ್ಮಡಿ ಏಳುತ್ತಿದ್ದರೆ ಅದು ಊರುವಷ್ಟು ಮಾತ್ರ ಪಾದ ಮುಂದೆ ತನ್ನಿ. ಸೋತ ಕಾಲಿನ ಮೇಲೆ ಒಂದು ಕಣ್ಣಿಡಿ. ಅದು ಸುಮ್ನೆ ಮುಂದೆ ಮುಂದೆ ಸರಿಯುತ್ತದೆ, ಭಾರವೆಲ್ಲ ಗಟ್ಟಿ ಕಾಲಿಗೆ ಬೀಳುತ್ತದೆ. ಹಾಗೆ ಎದ್ದರೆ ವ್ಯಾಯಾಮ ಆದದ್ದು ಗಟ್ಟಿ ಕಾಲಿಗೆ, ಸೋತದ್ದಕ್ಕಲ್ಲ.

ಮುಖ್ಯ ಸಂಗತಿ ಇಲ್ಲಿದೆ. ಮನೆಮಂದಿ "ನೆಟ್ಟಗ ಕೂಡ್ರಿ, ನೆಟ್ಟಗ ಏಳ್ರಿ" ಎನ್ನುತ್ತಾರೆ. ನೆಟ್ಟಗೆ ಕೂತು ಯಾರೂ ಏಳಲಾರರು. ಬೇಕಿದ್ದರೆ ನೀವೇ ಬೆನ್ನು ನೆಟ್ಟಗಿಟ್ಟು ಮುಂದೆ ಬಾಗದೆ ಎದ್ದು ನೋಡಿ, ಆಗುವುದಿಲ್ಲ. ದೇಹದ ಭಾರ ಕುರ್ಚಿಯಿಂದ ಪಾದಕ್ಕೆ ಬರಬೇಕಾದರೆ ಎದೆ ಮುಂದೆ ಬಾಗಲೇಬೇಕು, ಮೂಗು ಕಾಲ್ಬೆರಳ ನೇರಕ್ಕೆ ಬರಬೇಕು. ಆದರೆ ಲಕ್ವಾ ಆದವರಿಗೆ ಮುಂದೆ ಬಾಗಲು ಹೆದರಿಕೆ, ಮುಗ್ಗರಿಸಿ ಬೀಳುತ್ತೇನೆ ಅನ್ನಿಸುತ್ತದೆ. ಹಾಗಾಗಿ ಹಿಂದಕ್ಕೆ ಒರಗುತ್ತಾರೆ. ಅವರು ಹಿಂದೆ ಒರಗಿದ ಹಾಗೆ ನೀವು ಮುಂದಿನಿಂದ ಜಗ್ಗುತ್ತೀರಿ.

"ಬಾಗ್ರಿ, ಬಾಗ್ರಿ" ಎಂದು ಕೂಗಿ ಉಪಯೋಗವಿಲ್ಲ. ಮುಂದೆ ಒಂದು ಸ್ಟೂಲ್ ಇಟ್ಟು ಅದರ ಮೇಲೆ ತಂಬಿಗೆ ಇಡಿ. ಗಟ್ಟಿ ಕೈಯಿಂದ ಸೋತ ಕೈಯ ಬೆರಳು ಹೆಣೆದುಕೊಂಡು, ಎರಡೂ ಕೈ ಸೇರಿಸಿ ತಂಬಿಗೆ ಮುಟ್ಟಲು ಹೇಳಿ. ತಂಬಿಗೆ ಮೊಳಕಾಲಿನ ಎತ್ತರದಲ್ಲಿ, ಒಂದು ತೋಳಿನಷ್ಟು ದೂರ ಇರಲಿ. ಮುಟ್ಟಲು ಹೋದರೆ ಮೈ ತಾನಾಗಿಯೇ ಬಾಗುತ್ತದೆ, ಕುಂಡಿ ಹಗುರಾಗುತ್ತದೆ. ಮೊದಲ ಕೆಲವು ದಿನ ಇಷ್ಟೇ ಸಾಕು, ಮುಟ್ಟುವುದು, ವಾಪಸ್ ಬರುವುದು. ಹೆದರಿಕೆ ಹೋದ ಮೇಲೆ ಸ್ಟೂಲ್ ಸರಿಸಿ, ಹಾಗೇ ಬಾಗಿ ಪಾದದಿಂದ ನೆಲ ಒತ್ತುತ್ತ ಎದ್ದು ನಿಲ್ಲಲಿ.

ಸಹಾಯಕ್ಕೆ ಒಬ್ಬರೇ ಸಾಕು. ಸೋತ ಮಗ್ಗುಲಿಗೆ, ತುಸು ಮುಂದೆ ನಿಲ್ಲಿ. ಆ ಮೊಳಕಾಲು ಕುಸಿಯುವಂತಿದ್ದರೆ ನಿಮ್ಮ ಮೊಳಕಾಲನ್ನು ಮೆತ್ತಗೆ ಅದಕ್ಕೆ ತಾಗಿಸಿ ತಡೆಯಿರಿ. ಹಿಡಿಯಬೇಕಾದ್ದು ನಡುವನ್ನು. ದಪ್ಪ ಹತ್ತಿ ಬಟ್ಟೆಯನ್ನು ಪಟ್ಟಿಯಂತೆ ಮಡಚಿ ನಡುವಿಗೆ ಬಿಗಿಯಾಗಿ ಕಟ್ಟಿ, ಅದನ್ನು ಹಿಡಿಯಿರಿ. ಧೋತರ ಹಿಡಿದರೆ ಧೋತರವೇ ಕೈಗೆ ಬರುತ್ತದೆ. ಲೆಕ್ಕ ಹೇಳುವವರೂ ಒಬ್ಬರೇ ಇರಲಿ. ಸುತ್ತ ನಿಂತವರೆಲ್ಲ ಒಂದೊಂದು ಹೇಳಿದರೆ ಪಾಪ, ಅವರು ಯಾರ ಮಾತು ಕೇಳಬೇಕು?

ಎದ್ದ ಮೇಲೆ ಒಂದು ಉಸಿರು ನಿಂತು, ಕೂರಲಿ. ಕೂರುವಾಗ ಧೊಪ್ಪನೆ ಬೀಳಲು ಬಿಡಬೇಡಿ. ಕುರ್ಚಿ ಕಾಲಿನ ಹಿಂಬದಿಗೆ ತಾಗಿದ್ದು ಗೊತ್ತಾಗಬೇಕು, ಗಟ್ಟಿ ಕೈ ಹಿಂದೆ ಹೋಗಿ ಕುರ್ಚಿಯ ಕೈ ಹಿಡಿಯಬೇಕು. ನಾಲ್ಕರ ತನಕ ಎಣಿಸುತ್ತ ಮತ್ತೆ ಮುಂದೆ ಬಾಗಿಯೇ ಇಳಿಯಬೇಕು. ನಿಧಾನವಾಗಿ ಇಳಿಯುವುದರಲ್ಲೂ ಏಳುವಷ್ಟೇ ಕೆಲಸ ಇದೆ. ಐದು ಸಲ ಮಾಡಿ, ಸುಧಾರಿಸಿಕೊಂಡು ಮತ್ತೆ ಐದು. ಬೆಳಿಗ್ಗೆ ಹೀಗೆ, ಸಂಜೆ ಹೀಗೆ. ಸಲೀಸಾಗಿ ಬರತೊಡಗಿದಾಗ ಕೌದಿಯ ಒಂದು ಮಡಿಕೆ ಕಡಿಮೆ ಮಾಡಿ.

ಕೈಗೆ: ಮೇಜಿನ ಮೇಲೆ ಟಾವೆಲ್ ಹಾಸಿ, ಅದರ ಮೇಲೆ ಎರಡೂ ಕೈ ಇಟ್ಟು ಮುಂದೆ ಹಿಂದೆ ಜಾರಿಸಲಿ. ಸೋತ ಕೈಯನ್ನು ಹೆಗಲಿಗಿಂತ ಮೇಲೆ ಎತ್ತಿಸಬೇಡಿ. ಬಾಗಿಲಿಗೆ ನೇತುಹಾಕಿ ಜಗ್ಗುವ ರಾಟೆ ಮಾರುತ್ತಾರಲ್ಲ, ಲಕ್ವಾದ ಹೆಗಲಿಗೆ ಅದು ಕೂಡದು. ಕೈ ತಾನಾಗಿ ತಿರುಗದೆ ಮೇಲಕ್ಕೆ ಹೋದರೆ ಒಳಗಿನ ಸ್ನಾಯು ಎಲುಬಿಗೆ ಸಿಕ್ಕಿ ನಜ್ಜಾಗುತ್ತದೆ. ಹಿಚುಕುವ ಮುಳ್ಳಿನ ರಬ್ಬರ್ ಚೆಂಡನ್ನೂ ನಾನು ಕೊಡಿಸುವುದಿಲ್ಲ. ಬೆರಳು ಮೊದಲೇ ಮುಚ್ಚಿಕೊಳ್ಳಲು ಜಗ್ಗುತ್ತಿರುತ್ತವೆ. ಕಲಿಯಬೇಕಾದ್ದು ಬಿಚ್ಚುವುದು. ಗಡಗಡ ನಡುಗುವ ಮಸಾಜ್ ಮಷಿನ್ನಿಗೆ ಸಾವಿರಾರು ರೂಪಾಯಿ ಸುರಿಯುವ ಬದಲು ಗಟ್ಟಿ ಕುರ್ಚಿ ಮಾಡಿಸಿ. ಪಾರಿವಾಳದ ರಕ್ತ ಹಚ್ಚುವುದರಿಂದ ಪಾರಿವಾಳ ಸಾಯುತ್ತದೆ, ಬೇರೇನೂ ಆಗುವುದಿಲ್ಲ. ಎಣ್ಣೆ ತಿಕ್ಕುವುದಿದ್ದರೆ ವ್ಯಾಯಾಮ ಮುಗಿದ ಮೇಲೆ ತಿಕ್ಕಿ. ಎಣ್ಣೆ ಅಂಗಾಲಿನಲ್ಲಿ ಎದ್ದು ನಿಂತವರನ್ನು ನೆನೆಸಿಕೊಂಡರೇ ಎದೆ ಝಲ್ಲೆನ್ನುತ್ತದೆ.

ಬೆರಳು ತುಸುವಾದರೂ ಆಡುತ್ತಿದ್ದರೆ ರೊಟ್ಟಿ ಹಿಟ್ಟು ನಾದುವುದಕ್ಕಿಂತ ಒಳ್ಳೆಯ ವ್ಯಾಯಾಮ ನನಗೆ ಗೊತ್ತಿಲ್ಲ. ಅಂಗೈಯ ಬುಡದಿಂದ ಒತ್ತುವುದು, ಬೆರಳು ಅಗಲಿಸಿ ಬಡಿಯುವುದು, ಎರಡೂ ಕೈ ಕೂಡಿ ಕೆಲಸ ಮಾಡುವುದು, ಎಲ್ಲ ಅದರಲ್ಲಿದೆ. ಜೀವನಪೂರ್ತಿ ಮಾಡಿದ ಕೆಲಸವಾದ್ದರಿಂದ ಆಯಿಯವರಿಗೆ ಬೇಸರವೂ ಇಲ್ಲ. ಆದರೆ ಎಸರು ಹಾಕಿ ಕಲಸುವುದು ಮನೆಯ ಬೇರೆಯವರ ಕೆಲಸ. ಆರಿದ ಮೇಲೆ, ನಿಮ್ಮ ಕೈಯಿಂದ ಮುಟ್ಟಿ ನೋಡಿ, ಅವರ ಕೈಗೆ ಕೊಡಿ. ಲಕ್ವಾದ ಕೈಗೆ ಎಷ್ಟೋ ಸಲ ಬಿಸಿ ತಿಳಿಯುವುದಿಲ್ಲ. ಸುಟ್ಟು ಬೊಬ್ಬೆ ಎದ್ದ ಮೇಲೆ ಕಣ್ಣಿಗೆ ಬೀಳುತ್ತದೆ. ಹಂಚಿನ ಹತ್ತಿರವಂತೂ ಬಿಡಲೇಬೇಡಿ.

ನಿಲ್ಲಿಸಬೇಕಾದದ್ದು: ಎದೆನೋವು, ತಲೆ ತಿರುಗುವುದು, ಮಾತಾಡಲಾಗದಷ್ಟು ಏದುಸಿರು ಬಂದರೆ ಅಲ್ಲಿಗೆ ನಿಲ್ಲಿಸಿ ಡಾಕ್ಟರಿಗೆ ತಿಳಿಸಿ. ಒಂದೇ ಮೀನಖಂಡ ಬಾತು, ಬಿಸಿಯಾಗಿ, ನೋಯುತ್ತಿದ್ದರೆ ತಿಕ್ಕಬೇಡಿ, ಅಂದೇ ತೋರಿಸಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಕೈ ಮತ್ತೆ ಜೋತುಬೀಳುವುದು, ಇವುಗಳಲ್ಲಿ ಒಂದು ಕಂಡರೂ ತಡ ಮಾಡದೆ 108ಕ್ಕೆ ಫೋನ್ ಹಚ್ಚಿ. ಮಿದುಳಿನ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಈ ಲಕ್ಷಣ ಶುರುವಾದ ಮೊದಲ ನಾಲ್ಕೂವರೆ ತಾಸಿನೊಳಗೆ ಕೊಡುವಂಥದ್ದು.

ನೆಲದ ಮೇಲೆ ಕೂತು ಉಣ್ಣುವ ಆಸೆ ನಮ್ಮ ಕಡೆಯ ಹಿರಿಯರಿಗೆಲ್ಲ ಇರುತ್ತದೆ. ಅದನ್ನು ಮನೆಯಲ್ಲಿ ನೀವೇ ಕಲಿಸಲು ಹೋಗಬೇಡಿ, ನೆಲದಿಂದ ಏಳುವುದು ಬೇರೆಯೇ ಪಾಠ. ಫಿಸಿಯೊಥೆರಪಿ ಇರುವ ಆಸ್ಪತ್ರೆಗೆ ಹೋಗಿ. ಹೋಗುವಾಗ ಕುರ್ಚಿಯಿಂದ ಏಳುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಹೋಗಿ. ಮುಂದಿನಿಂದ ಅಲ್ಲ, ಮಗ್ಗುಲಿನಿಂದ ತೆಗೆಯಿರಿ. ಎಷ್ಟು ಬಾಗುತ್ತಾರೆ, ಪಾದ ಎಲ್ಲಿದೆ ಅನ್ನುವುದು ಮಗ್ಗುಲಿನಿಂದಲೇ ಕಾಣುವುದು.