‘ಪರವಾಗಿಲ್ಲ’ ಅಂದರೆ ಎಷ್ಟು ಅಂಕ?

‘ಡ್ರಾಪ್ಸ್ ಹೇಗಿದೆ?’ ಎಂದು ಗ್ಲಾಕೋಮಾ (ಸಾಮಾನ್ಯವಾಗಿ ಕಣ್ಣಿನ ಒತ್ತಡ ಹೆಚ್ಚಿ ದೃಷ್ಟಿನರ ಹಾಳಾಗುವ ಕಾಯಿಲೆ) ರೋಗಿಯನ್ನು ಕೇಳಿದರೆ ಬರುವ ಉತ್ತರ ಹೆಚ್ಚಾಗಿ ಒಂದೇ: ‘ಪರವಾಗಿಲ್ಲ ಸಾರ್.’ ಇದರೊಳಗೆ ‘ಚೆನ್ನಾಗಿದೆ’ಯೂ ಇದೆ, ‘ಉರಿಯುತ್ತೆ, ಹೇಗೋ ತಡ್ಕೊಂಡಿದ್ದೀನಿ’ಯೂ ಇದೆ. ಡ್ರಾಪ್ಸ್ ಬಗ್ಗೆ ರೋಗಿಗೆ ಎಷ್ಟು ಸಮಾಧಾನವಿದೆ ಎಂದು ಅಳೆಯುವ ನನ್ನ ಕನ್ನಡ ಪ್ರಶ್ನಾವಳಿಯಲ್ಲಿ, ಐದು ಆಯ್ಕೆಗಳ ನಡುವಿನದಕ್ಕೆ ಮೊದಲು ಇದೇ ಪದ ಇಟ್ಟಿದ್ದೆ. ಈಗ ಅಲ್ಲಿ ‘ಸಮಾಧಾನವೂ ಇಲ್ಲ, ಬೇಜಾರೂ ಇಲ್ಲ’ ಎಂದಿದೆ.

ಕಣ್ಣಿನ ಒತ್ತಡದ ಔಷಧಗಳಿಗೆಂದೇ ಮಾಡಿದ ಟಿಎಸ್‌ಎಸ್-ಐಓಪಿ ಎಂಬ ಇಂಗ್ಲಿಷ್ ಸಮಾಧಾನ-ಪ್ರಶ್ನಾವಳಿಯಲ್ಲಿ 15 ಪ್ರಶ್ನೆ, ಐದು ವಿಭಾಗ: ಪರಿಣಾಮ, ಕಿರಿಕಿರಿ, ಕೆಂಪಾಗುವುದು, ಹಾಕಿಕೊಳ್ಳುವ ಸುಲಭ, ದಿನಚರಿಗೆ ಹೊಂದಿಕೆ. ಇಂಥದ್ದನ್ನು ಬಳಸುವ ಮುಂಚೆ ಹಕ್ಕುದಾರರ ಅನುಮತಿ ತೆಗೆದುಕೊಳ್ಳಿ. ಇಬ್ಬರು ಬೇರೆಬೇರೆ ಕೂತು ಕನ್ನಡಕ್ಕೆ ಅನುವಾದಿಸಬೇಕು; ಎರಡನ್ನೂ ಕೂಡಿಸಿ ಒಂದು ಮಾಡಬೇಕು; ಮೂಲ ನೋಡದ ಮೂರನೆಯವರಿಂದ ಅದನ್ನು ವಾಪಸ್ ಇಂಗ್ಲಿಷಿಗೆ ಮಾಡಿಸಿ ತಾಳೆ ನೋಡಬೇಕು. ಆಮೇಲೆ ಎಂಟು-ಹತ್ತು ರೋಗಿಗಳ ಮುಂದೆ ಓದಿ, ‘ನಿಮಗೆ ಏನು ಅರ್ಥವಾಯ್ತು?’ ಎಂದು ಕೇಳಿ. ಹೆಚ್ಚಿನ ತಪ್ಪು ಸಿಗುವುದು ಇಲ್ಲೇ.

‘ನೇತ್ರ ಕಿರಿಕಿರಿ’ ಯಾರ ಬಾಯಲ್ಲೂ ಇಲ್ಲ. ಉರಿ, ನವೆ, ಮರಳು ಬಿದ್ದ ಹಾಗೆ ಒತ್ತೋದು, ಇವನ್ನು ಬೇರೆಬೇರೆಯಾಗಿ ಕೇಳುತ್ತೇನೆ. ಒತ್ತಡ ಇಳಿಸುವ ಡ್ರಾಪ್ಸ್‌ಗಳಲ್ಲಿ ಡಾರ್ಜೊಲಮೈಡ್ ಹಾಕಿದ ಕೂಡಲೇ ಚುರ್ರೆನ್ನುತ್ತದೆ, ಬಾಯಿ ಕಹಿಯಾಗುತ್ತದೆ. ಬ್ರಿಮೊನಿಡಿನ್ ಅಲರ್ಜಿ ಎಷ್ಟೋ ಸಲ ತಿಂಗಳುಗಳಾದ ಮೇಲೆ ನವೆ, ರೆಪ್ಪೆ ಊತವಾಗಿ ಬರುತ್ತದೆ. ಲಟಾನೊಪ್ರಾಸ್ಟಿನ ದೂರು ಬಹುಪಾಲು ಕೆಂಪು ಕಣ್ಣು. ಎಲ್ಲಕ್ಕೂ ಒಂದೇ ಪದವಾದರೆ ಯಾವ ಬಾಟಲಿ ಬದಲಿಸಬೇಕೆಂದು ತಿಳಿಯುವುದಿಲ್ಲ.

ಪರಿಣಾಮದ ಪ್ರಶ್ನೆಯಲ್ಲಂತೂ ಎಡವುವುದು ಖಾತ್ರಿ. ಈ ಡ್ರಾಪ್ಸ್ ಒತ್ತಡ ಇಳಿಸುತ್ತದೆಯೇ ಹೊರತು ಹೋದ ದೃಷ್ಟಿ ತರುವುದಿಲ್ಲ. ಅದನ್ನು ಹೇಳಿರದಿದ್ದರೆ, ಒತ್ತಡ 26ರಿಂದ 15ಕ್ಕೆ ಇಳಿದವರೂ ‘ಏನೂ ಉಪಯೋಗವಿಲ್ಲ’ ಎಂದೇ ಗುರುತು ಹಾಕುತ್ತಾರೆ. ಅಲ್ಲಿ ಸೋತದ್ದು ಔಷಧವಲ್ಲ, ನಮ್ಮ ವಿವರಣೆ.

ಪ್ರಶ್ನೆ ಕೇಳುವವರು ಔಷಧ ಬರೆದವರಾಗಿರಬಾರದು. ಡಾಕ್ಟರ ಎದುರು ಯಾರೂ ಕಡಿಮೆ ಅಂಕ ಕೊಡುವುದಿಲ್ಲ. ಕಣ್ಣಿಗೆ ಪರೀಕ್ಷೆಯ ಡ್ರಾಪ್ಸ್ ಹಾಕುವ ಮುಂಚೆಯೇ ಮುಗಿಸಿ, ಇಲ್ಲದಿದ್ದರೆ ಆ ಉರಿಯೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಮನೆಯಲ್ಲಿ ಸೊಸೆ ಹಾಕುವುದಾದರೆ ‘ಸುಲಭವೇ?’ ಎಂಬುದನ್ನು ಅತ್ತೆಗಲ್ಲ, ಆಕೆಗೇ ಕೇಳಬೇಕು.

‘ಸುಲಭ’ ಎಂದವರ ಕೈಗೂ ಕೃತಕ ಕಣ್ಣೀರಿನ ಬಾಟಲಿ ಕೊಟ್ಟು ಹಾಕಿಸಿ ನೋಡುತ್ತೇನೆ. ತುದಿ ರೆಪ್ಪೆಗೆ ತಾಗುತ್ತದೆಯೇ, ಎಷ್ಟು ಹನಿ ಕೆನ್ನೆಗೆ ಹೋಯಿತು? 2.5 ಮಿ.ಲೀ. ಲಟಾನೊಪ್ರಾಸ್ಟ್ ಬಾಟಲಿಯಲ್ಲಿ ಸುಮಾರು 80 ಹನಿ. ದಿನಕ್ಕೊಂದು ಹನಿಯಂತೆ ಎರಡೂ ಕಣ್ಣಿಗೆ ತಿಂಗಳಿಗೆ 60 ಸಾಕು. ಒಂದು ಹನಿ ಒಳಗೆ ಬೀಳಲು ಮೂರು ಸುರಿದರೆ ಹದಿಮೂರು ದಿನಕ್ಕೆ ಖಾಲಿ. ‘ದುಬಾರಿ’ ಎಂಬ ದೂರಿನ ಬೇರು ಎಷ್ಟೋ ಸಲ ಇದೇ.

ಅಂಕಗಣಿತ ಸರಳ. ಐದು ಆಯ್ಕೆಗೆ 1ರಿಂದ 5, ಹೆಚ್ಚಿದ್ದಷ್ಟೂ ಸಮಾಧಾನ. ಬೇಜಾರಿಗೆ ದೊಡ್ಡ ಸಂಖ್ಯೆ ಬರುವ ಉಲ್ಟಾ ಪ್ರಶ್ನೆಗಳನ್ನು ತಿರುಗಿಸಿ, ವಿಭಾಗದ ಸರಾಸರಿಯಿಂದ 1 ಕಳೆದು, 4ರಿಂದ ಭಾಗಿಸಿ, 100ರಿಂದ ಗುಣಿಸಿ. ಮೂರು ಪ್ರಶ್ನೆಗೆ 2, 4, 3 ಬಂದರೆ ಸರಾಸರಿ 3, ಅಂಕ 50. ಐದೂ ವಿಭಾಗ ಕೂಡಿಸಿ ಒಂದೇ ಸಂಖ್ಯೆ ಮಾಡಲು ಹೋಗಬೇಡಿ: ಉರಿಗೆ 20, ಉಳಿದ ನಾಲ್ಕಕ್ಕೂ 90 ಕೊಟ್ಟವರ ಒಟ್ಟು 76 ನೋಡಿದರೆ ಎಲ್ಲ ಸರಿಯಿದ್ದಂತೆ ಕಾಣುತ್ತದೆ.

ಇಷ್ಟೆಲ್ಲ ಕ್ಲಿನಿಕ್ಕಿಗೆ ಬಂದವರ ಮಾತಾಯಿತು. ಬೇಸತ್ತು ಬಿಟ್ಟವರು ಬರುವುದೇ ಇಲ್ಲ. ಅಪಾಯಿಂಟ್‌ಮೆಂಟ್ ತಪ್ಪಿಸಿದವರಿಗೆ ಫೋನ್ ಮಾಡಿಸುತ್ತೇನೆ. ‘ಡ್ರಾಪ್ಸ್ ಹಾಕೋದು ನಿಲ್ಲಿಸಿದ್ದೀರಾ?’ ಎಂದರೆ ‘ಇಲ್ಲಪ್ಪ’ ಎನ್ನುತ್ತಾರೆ. ‘ಹೋದ ವಾರ ಎಷ್ಟು ರಾತ್ರಿ ತಪ್ಪಿಹೋಯ್ತು?’ ಎಂದರೆ ಎಣಿಸಿ ಹೇಳುತ್ತಾರೆ.