ಹಡಗಿನ ಹೆಸರು ಸಿಕ್ಕ ಮೇಲೆ

ಮದುವೆಯಾಗಿ ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಹೋಬಾರ್ಟಿಗೆ ಬಂದು ಹದಿನಾಲ್ಕು ವರ್ಷವಾಯಿತು. ಮಗಳ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದಾಗ ನನ್ನ ಕಡೆಯದು ಅರ್ಧ ಗಂಟೆಯಲ್ಲಿ ಮುಗಿದಿತ್ತು. ತೀರ್ಥಹಳ್ಳಿಯ ದೊಡ್ಡಪ್ಪನಿಗೆ ಫೋನ್ ಮಾಡಿದೆ, ಜಮೀನು ಪಾಲಾಗುವಾಗ ಮಾಡಿಸಿಟ್ಟ ವಂಶವೃಕ್ಷದ ಫೋಟೊ ವಾಟ್ಸಾಪಿಗೆ ಬಂತು. ಗಂಡನ ಕಡೆಯದು ಅತ್ತೆಯ ಮುತ್ತಜ್ಜಿಯ ಹತ್ತಿರ ಬಂದು ನಿಂತಿತು. ಆಕೆಯ ಅಪ್ಪ ಯಾರು ಎಂದರೆ, “ಇಂಗ್ಲೆಂಡಿನವರು, ಅಷ್ಟೇ ಗೊತ್ತು” ಎಂದು ಅತ್ತೆ ಎದ್ದುಹೋದರು.

ಆ ಎದ್ದುಹೋಗುವಿಕೆಯ ಅರ್ಥ ಇಲ್ಲಿ ಎಲ್ಲರಿಗೂ ಗೊತ್ತು. 1788ರಿಂದ 1868ರವರೆಗೆ ಬ್ರಿಟನ್ನಿನ ಸರಕಾರ ಸುಮಾರು 1,62,000 ಕೈದಿಗಳನ್ನು ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಿತು. ಅವರಲ್ಲಿ 70,000ಕ್ಕೂ ಹೆಚ್ಚು ಜನ ಬಂದದ್ದು ಈ ದ್ವೀಪಕ್ಕೆ. ಆಗಿನ ಹೆಸರು ವ್ಯಾನ್ ಡೀಮನ್ಸ್ ಲ್ಯಾಂಡ್. ಆ ಹೆಸರಿಗೆ ಕೈದಿಗಳ ಕಳಂಕ ಅಂಟಿತೆಂದೇ 1856ರಲ್ಲಿ ಟಾಸ್ಮೇನಿಯಾ ಎಂದು ಬದಲಾಯಿಸಿದರು. ಊರೇ ಹೆಸರು ಬದಲಿಸಿಕೊಂಡ ಮೇಲೆ ಮನೆಗಳವರು ಬಾಯಿ ಮುಚ್ಚಿಕೊಂಡದ್ದರಲ್ಲಿ ಏನು ಆಶ್ಚರ್ಯ?

ನಾನು ಮೊದಲು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಹೆಸರು ಹಿಡಿದು ಹುಡುಕಿದೆ. ದುಡ್ಡು ಕಟ್ಟಿ ಸೇರಿದ ಒಂದು ಜಾಲತಾಣದಲ್ಲಿ ಯಾರೋ ಸಿದ್ಧಪಡಿಸಿಟ್ಟ ವಂಶವೃಕ್ಷ ಸಿಕ್ಕಿತು. ಅದನ್ನೇ ನಂಬಿ ಮೂರು ತಿಂಗಳು ಲಂಡನ್ನಿನ ಒಬ್ಬ ಜೇಬುಗಳ್ಳನ ಬೆನ್ನು ಹತ್ತಿದೆ. ಅವನು ಬೇರೆಯವನು. ಅದೇ ಹೆಸರಿನ ಇನ್ನೊಬ್ಬ ಅದೇ ದಶಕದಲ್ಲಿ ಬಂದಿದ್ದ.

ದಾರಿ ತೋರಿಸಿದ್ದು ಮರ್ರೆ ಸ್ಟ್ರೀಟಿನಲ್ಲಿರುವ ರಾಜ್ಯ ಪತ್ರಾಗಾರದ ಸಿಬ್ಬಂದಿ. “ಹೆಸರು ಬಿಡಿ, ಹಡಗು ಹುಡುಕಿ” ಎಂದರು. ಕೈದಿಗಳ ದಫ್ತರಗಳಲ್ಲಿ ಮನುಷ್ಯನನ್ನು ಗುರುತಿಸುತ್ತಿದ್ದದ್ದು ಹೆಸರು ಮತ್ತು ಅವನು ಬಂದ ಹಡಗು, ಎರಡೂ ಸೇರಿಸಿ. ನಮ್ಮಲ್ಲಿ ಹೆಸರಿನ ಮುಂದೆ ಊರಿನ ಹೆಸರು ಇರುವ ಹಾಗೆ. ಹಾಗಾಗಿ ಗೊತ್ತಿದ್ದದ್ದರಿಂದ ಹಿಂದಕ್ಕೆ ಹೊರಟೆ. ಟಾಸ್ಮೇನಿಯಾದಲ್ಲಿ 1838ರ ಡಿಸೆಂಬರಿನಿಂದಲೇ ಜನನ, ಮರಣ, ಮದುವೆಗಳ ಸರಕಾರಿ ನೋಂದಣಿ ಇದೆ. ಮುತ್ತಜ್ಜಿಯ ಜನನದಿಂದ ಅವಳ ಅಪ್ಪ-ಅಮ್ಮನ 1853ರ ಮದುವೆ ಸಿಕ್ಕಿತು. ಆಗಿನ ಮದುವೆಯ ನೋಂದಣಿಯಲ್ಲಿ ತಂದೆ-ತಾಯಿಯ ಹೆಸರಿಲ್ಲ, ಅಲ್ಲಿಂದ ಮುಂದೆ ದಾರಿ ಕಾಣಲಿಲ್ಲ. ಆದರೆ ಶಿಕ್ಷೆ ಮುಗಿಯದ ಕೈದಿ ಮದುವೆಯಾಗಲು ಸರಕಾರದ ಅನುಮತಿ ಬೇಕಿತ್ತು. ಆ ಅನುಮತಿಯ ಪುಸ್ತಕದಲ್ಲಿ ಅವನ ಹೆಸರಿನ ಎದುರು ಹಡಗಿನ ಹೆಸರಿತ್ತು. ಹೆಂಡತಿಯ ಎದುರು ‘ಸ್ವತಂತ್ರಳು’ ಎಂದಿತ್ತು.

ಹಡಗು ಸಿಕ್ಕ ಮೇಲೆ ನಡತೆಯ ದಾಖಲೆಯನ್ನು ತೆರೆಯಲು ಹತ್ತು ನಿಮಿಷ ಸಾಕಾಯಿತು. ಇವೆಲ್ಲ ಈಗ ಕಂಪ್ಯೂಟರಿನಲ್ಲಿ ಉಚಿತವಾಗಿ ನೋಡಲು ಸಿಗುತ್ತವೆ. ಆಸ್ಟ್ರೇಲಿಯಾದ ಕೈದಿಗಳ ದಫ್ತರಗಳು 2007ರಲ್ಲಿ ಯುನೆಸ್ಕೊದ ಮೆಮೊರಿ ಆಫ್ ದಿ ವರ್ಲ್ಡ್ ಪಟ್ಟಿಗೂ ಸೇರಿವೆ. ಓದುವುದು ಮಾತ್ರ ಸುಲಭವಲ್ಲ. ಗುಮಾಸ್ತರು ಜಾಗ ಉಳಿಸಲು ಎಲ್ಲವನ್ನೂ ಮೊಟಕು ಮಾಡಿ ಬರೆದಿದ್ದಾರೆ. ‘ಎನ್.ಪಿ.’ ಎಂಬುದು ಏನೋ ಶಿಕ್ಷೆ ಇರಬೇಕೆಂದು ಬಹಳ ದಿನ ತಿಳಿದಿದ್ದೆ. ಅದು ಹುಟ್ಟೂರು. ‘ಟಿ.ಎಲ್.’ ಎಂದರೆ ಶಿಕ್ಷೆ ಮುಗಿಯುವ ಮೊದಲೇ ತನ್ನ ದುಡಿಮೆ ತಾನು ನೋಡಿಕೊಳ್ಳಲು ಕೊಡುವ ರಹದಾರಿ.

ನಮ್ಮವನು ಸಫೋಕ್ ಪ್ರಾಂತ್ಯದ ಕೂಲಿ ಆಳು. 1844ರಲ್ಲಿ ಒಂದು ಕುರಿ ಕದ್ದದ್ದಕ್ಕೆ ಹತ್ತು ವರ್ಷ. 1832ರವರೆಗೆ ಅದಕ್ಕೆ ಗಲ್ಲು ಇತ್ತು. ಬಂದವನನ್ನು ಮೊದಲು ಗ್ಯಾಂಗಿನಲ್ಲಿ ರಸ್ತೆ ಕೆಲಸಕ್ಕೆ ಹಾಕಿದರು, ಆಮೇಲೆ ಸಂಬಳದ ಆಳಾಗಿ ರೈತರ ಹತ್ತಿರ ಕಳಿಸಿದರು. ಒಮ್ಮೆ ಕುಡಿದು ಬಿದ್ದಿದ್ದಕ್ಕೆ ಎಚ್ಚರಿಕೆ ಕೊಟ್ಟದ್ದು ಬಿಟ್ಟರೆ ಬೇರೆ ದೂರಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನ ಮೈಯ ವಿವರ. ಎತ್ತರ ಚಪ್ಪಲಿಯಿಲ್ಲದೆ 5 ಅಡಿ 3½ ಇಂಚು. ಎಡಗೈ ಹೆಬ್ಬೆರಳಿನ ತುದಿ ಇಲ್ಲ. ಬಲ ತೋಳಿನಲ್ಲಿ ಹಚ್ಚೆಯ ನಾಲ್ಕು ಅಕ್ಷರ. ಓಡಿಹೋದರೆ ಹಿಡಿಯಲು ಬರೆದಿಟ್ಟದ್ದು ಅದು. ನನ್ನ ಅಜ್ಜಿಯ ಕೈಮೇಲಿದ್ದ ಹಸಿರು ಹಚ್ಚೆಯ ನೆನಪು ಬಂತು. ಅವನ ಚಿತ್ರ ಒಂದೂ ಇಲ್ಲ, ಆದರೂ ಆ ತೋಳು ನನ್ನ ಕಣ್ಣ ಮುಂದಿತ್ತು. ಅದೇ ಪುಟದಲ್ಲಿ ಇನ್ನೊಂದು ಸಾಲು: ಮದುವೆಯಾಗಿದೆ, ಹೆಂಡತಿ ಮತ್ತು ಇಬ್ಬರು ಮಕ್ಕಳು ಎನ್.ಪಿ.ಯಲ್ಲಿ.

ಇಂಗ್ಲೆಂಡಿನ 1841ರ ಜನಗಣತಿ ತೆಗೆದೆ. ಆ ಹಳ್ಳಿಯಲ್ಲಿ ಗಂಡ, ಹೆಂಡತಿ, ಒಂದು ಕೂಸು. 1851ರಲ್ಲಿ ಗಂಡನಿಲ್ಲ. ಬಟ್ಟೆ ಒಗೆಯುವ ಹೆಂಗಸು, ‘ವಿವಾಹಿತೆ’, ಜೊತೆಗೆ ಮಗ ಮತ್ತು ಎಂಟು ವರ್ಷದ ಮಗಳು. ನಾಲ್ವರ ಮೊದಲ ಅಕ್ಷರ ಬರೆದು ಹಚ್ಚೆಯ ಪಕ್ಕದಲ್ಲಿಟ್ಟೆ. ಹೊಂದಿತು. ಇಲ್ಲಿ 1853ರಲ್ಲಿ ಅವನು ವಿಧುರನೆಂದು ಬರೆಸಿದ್ದಾನೆ, ಆದರೆ ಅವಳು ಸತ್ತದ್ದು 1869ರಲ್ಲಿ. ಅವನನ್ನು ಸುಳ್ಳುಗಾರ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಶಿಕ್ಷೆ ಮುಗಿದವರಿಗೆ ಸರಕಾರ ಮರಳುವ ಹಡಗಿನ ಖರ್ಚು ಕೊಡುತ್ತಿರಲಿಲ್ಲ. ಕೂಲಿಯವನಿಗೆ ಆ ದುಡ್ಡು ಎಲ್ಲಿಂದ ಬರಬೇಕು?

ಇಷ್ಟನ್ನೂ ಅತ್ತೆಗೆ ಹೇಗೆ ಹೇಳಲಿ ಎಂದು ವಾರಗಟ್ಟಲೆ ಯೋಚಿಸಿದೆ. ಕೊನೆಗೆ ಒಂದು ಭಾನುವಾರ ಜನಗಣತಿಯ ಹಾಳೆಯನ್ನು ಮೇಜಿನ ಮೇಲಿಟ್ಟು ಆ ಎಂಟು ವರ್ಷದ ಹುಡುಗಿಯ ಹೆಸರಿನ ಮೇಲೆ ಬೆರಳಿಟ್ಟೆ. ಅತ್ತೆಯ ಮುತ್ತಜ್ಜಿಯದೂ ಅದೇ ಹೆಸರು. ಬಿಟ್ಟುಬಂದ ಮಗಳ ಹೆಸರನ್ನೇ ಇಲ್ಲಿ ಹುಟ್ಟಿದ ಮಗಳಿಗೂ ಇಟ್ಟಿದ್ದ. ಅತ್ತೆ ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡು ಓದಿದರು. “ಆ ಹುಡುಗಿ ಮುಂದೆ ಏನಾದಳು?” ಎಂದರು.

ಮಗಳ ಶಾಲೆಯ ಹಾಳೆಯಲ್ಲಿ ಜಾಗ ಸಾಲಲಿಲ್ಲ, ಎಡಕ್ಕೆ ಇನ್ನೊಂದು ಹಾಳೆ ಅಂಟಿಸಿದೆವು. ಸಫೋಕಿನ ಆ ಮೂವರ ಹೆಸರು ಬರೆದದ್ದು ಅತ್ತೆಯೇ. ಈಗ ನಾವಿಬ್ಬರೂ ಸೇರಿ 1861ರ ಜನಗಣತಿಯಲ್ಲಿ ಆ ಹುಡುಗಿಯನ್ನು ಹುಡುಕುತ್ತಿದ್ದೇವೆ.