ವಜೀರ ಬದಲಾಯಿಸಿ 400 ಪಾಯಿಂಟ್ ಮೇಲಿನವರನ್ನು ಗೆದ್ದೆ

ಚೆಸ್‌ನಲ್ಲಿ ನನ್ನ ರೇಟಿಂಗ್, ಅಂದರೆ ಆಟದ ಬಲ ತೋರಿಸುವ ಅಂಕ, 1550ರ ಆಸುಪಾಸು. ಎದುರಿಗೆ ಕೂತವರದು 1950ರ ಮೇಲೆ. ಕಲಬುರಗಿಯ ಓಪನ್ ಟೂರ್ನಿ, ಒಬ್ಬೊಬ್ಬರಿಗೆ 90 ನಿಮಿಷ, ಮೇಲೆ ನಡೆಗೆ 30 ಸೆಕೆಂಡ್. ಇಷ್ಟು ಅಂತರವಿದ್ದರೆ ನೂರು ಆಟದಲ್ಲಿ ಕೆಳಗಿನವನಿಗೆ ಸಿಗೋದು ಎಂಟೊಂಬತ್ತು ಅಂಕ. ನಾನು ಕಪ್ಪು ಕಾಯಿಯಲ್ಲೇ ಗೆದ್ದೆ. ಅದೂ ಎಂಡ್‌ಗೇಮಿನಲ್ಲಿ, ಅಂದರೆ ಕೆಲವೇ ಕಾಯಿ ಉಳಿದ ಕೊನೆಯ ಹಂತದಲ್ಲಿ.

ಸೂಪರ್ ಮಾರ್ಕೆಟ್ ಹತ್ತಿರ ಚಹಾಕ್ಕೆ ಸೇರಿದಾಗಲೆಲ್ಲ ಗೆಳೆಯರದು ಒಂದೇ ಮಾತು: "ದೊಡ್ಡ ರೇಟಿಂಗಿನವ್ರ ಮುಂದ ವಜೀರ ತೆಗೀಬ್ಯಾಡ್ರಿ, ಎಂಡ್‌ಗೇಮ್‌ನಾಗ ಹಿಂಡಿ ಹಾಕ್ತಾರ." ಹಾಗಂತ ಒಂದೆರಡು ವರ್ಷ ಕಿಂಗ್ಸ್ ಗ್ಯಾಂಬಿಟ್, ಡ್ರ್ಯಾಗನ್‌ನಂಥ ದಾಳಿಯ ಆರಂಭಗಳನ್ನೇ ಆಡಿದೆ. ಇಪ್ಪತ್ತೈದು ನಡೆಯೊಳಗೇ ನಾನು ಸೋತು ಆಟ ಮುಗಿದಿರುತ್ತಿತ್ತು. ಕೋಚಿಂಗಿಗೆ ತಿಂಗಳಿಗೆ ಎರಡು ಸಾವಿರದಷ್ಟು. ಹೊರಗಿನ ಟೂರ್ನಿ ಅಂದರೆ ಎಂಟ್ರಿ, ರೈಲು, ಲಾಡ್ಜ್ ಸೇರಿ ನಾಲ್ಕೈದು ಸಾವಿರ. ರೇಟಿಂಗ್ ಮಾತ್ರ ಇಳಿಯುತ್ತಲೇ ಇತ್ತು.

ಕೋಚಿಂಗ್ ಬಿಟ್ಟು ಐದಾರು ತಿಂಗಳು ಬರೀ ಆನೆಗಳ ಎಂಡ್‌ಗೇಮ್ ಹಿಡಿದೆ. ಸ್ಟಾಕ್‌ಫಿಶ್ ಅನ್ನೋ ಚೆಸ್ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಅಲ್ವಾ? ಆದರೆ ಮೊಬೈಲಿನಲ್ಲಿ ಅಲ್ಲ, ಬೋರ್ಡಿನ ಮೇಲೆ ಕಾಯಿ ಇಟ್ಟೇ ಮಾಡಿದೆ.

ಆ ದಿನ ಅವರ ಇ4ಗೆ ನನ್ನ ಡಿ6 (ಅಕ್ಷರ ಉದ್ದಸಾಲು, ಅಂಕಿ ಅಡ್ಡಸಾಲು), ಡಿ4ಗೆ ಕುದುರೆ ಎಫ್6, ಅವರ ಕುದುರೆ ಸಿ3ಗೆ ಬಂದ ಕೂಡಲೇ ನನ್ನ ಇ5. ಅವರು ಹೊಡೆದರು, ಇಬ್ಬರ ವಜೀರನೂ ಹೋಯಿತು. ನನ್ನ ಕ್ಯಾಸಲಿಂಗ್ (ರಾಜನನ್ನು ಆನೆಯ ಆಸರೆಗೆ ಸರಿಸುವ ನಡೆ) ಕೆಡಿಸಿದ ಖುಷಿ ಅವರ ಮುಖದಲ್ಲೇ ಇತ್ತು. ನಾನು ಸಿ6 ಮಾಡಿ ರಾಜನನ್ನು ಸಿ7ರಲ್ಲಿ ಕೂರಿಸಿದೆ. ವಜೀರ ಇಲ್ಲದ ಮೇಲೆ ರಾಜನಿಗೇನು ಭಯ? ಮುಂದೆ ಒಂಟೆ ಬದಲಾಯಿಸಲು ಒಂದು ಸುತ್ತುದಾರಿ ಇದೆ. ಅದನ್ನು ಇಲ್ಲಿ ಬರೆಯಲ್ಲ, ಮುಂದಿನ ಟೂರ್ನಿಗೆ ಬೇಕು.

ಅರವತ್ತು ನಡೆ ದಾಟಿದ ಮೇಲೆ ನನ್ನ ಪ್ಯಾದೆ ಜಿ2, ರಾಜ ಜಿ1. ಅವರ ರಾಜ ಇ2, ಆನೆ ಎಚ್ ಸಾಲಿನಲ್ಲಿ. ಲುಸೇನಾ! ಆನೆಗಳ ಎಂಡ್‌ಗೇಮಿನಲ್ಲಿ ಪ್ಯಾದೆಯನ್ನು ವಜೀರ ಮಾಡಿ ಗೆಲ್ಲುವ ಹೆಸರಾಂತ ಸ್ಥಿತಿ ಅದು. ನನ್ನ ಆನೆ ಎಫ್5ಕ್ಕೆ ಹೋಯಿತು, ಆಮೇಲೆ ಇ5ರಿಂದ ಚೆಕ್. ನನ್ನ ರಾಜ ಹೊರಗೆ ಬಂದ. ಅವರು ಚೆಕ್ ಮೇಲೆ ಚೆಕ್ ಕೊಟ್ಟರು. ರಾಜ ಜಿ4 ತಲುಪಿದಾಗ ಆನೆಯನ್ನು ಜಿ5ರಲ್ಲಿ ಅಡ್ಡ ಇಟ್ಟೆ, ಇನ್ನು ಪ್ಯಾದೆಯನ್ನು ತಡೆಯುವಂತಿರಲಿಲ್ಲ. ಅವರು ಗಡಿಯಾರ ನಿಲ್ಲಿಸಿ ಕೈ ಚಾಚಿದರು.

ಇನ್ನೊಂದು ಪ್ರಯೋಗವೂ ನಡೆದಿತ್ತು. ಮಧ್ಯಾಹ್ನದ ರೌಂಡಿಗೆ ಮುಂಚೆ ಅನ್ನ ಬಿಟ್ಟು ಒಂದೂವರೆ ಜೋಳದ ರೊಟ್ಟಿ, ಹೆಸರುಕಾಳು ಪಲ್ಯ. ಬಿಸಿಲಲ್ಲೂ ನಾಲ್ಕನೇ ತಾಸಿಗೆ ತೂಕಡಿಕೆ ಬರಲಿಲ್ಲ.

ನನಗೆ ಕೆ (ಒಂದು ಆಟಕ್ಕೆ ರೇಟಿಂಗ್ ಎಷ್ಟು ಏರಿಳಿಯಬಹುದು ಅನ್ನೋ ಅಂಕಿ) 20, ಹಾಗಾಗಿ ಒಂದೇ ಆಟಕ್ಕೆ 18ರಷ್ಟು ಪಾಯಿಂಟ್. ರೇಟಿಂಗ್ ವರ್ಗದ ಬಹುಮಾನದಲ್ಲಿ ಎಂಟ್ರಿ ದುಡ್ಡೂ ವಾಪಸ್ ಬಂತು. ಈಗ ಬಿಳಿ ಕಾಯಿಗೂ ಇದೇ ದಾರಿ ನೋಡುತ್ತಿದ್ದೇನೆ. ಫ್ರೆಂಚ್ ಎಕ್ಸ್‌ಚೇಂಜ್ ಅನ್ನೋ ಆರಂಭದಲ್ಲಿ ವಜೀರ ಇ2ರಿಂದ ಚೆಕ್ ಕೊಟ್ಟು ಬದಲಾಯಿಸೋದು. ಸದ್ಯಕ್ಕೆ ಡ್ರಾಗಳೇ ಜಾಸ್ತಿ.